ಇಪ್ಪತ್ತಡಿ ಕೆಳಗಿನ ರೈಲು

ನಂಜನಗೂಡಿನ ರೈಲ್ವೆ ಗೇಟಿನ ಪಕ್ಕದಲ್ಲೇ ಕವನಳ ಜೆರಾಕ್ಸ್ ಅಂಗಡಿ. ಗೇಟು ಬಿದ್ದಾಗಲೆಲ್ಲ ಜನ ರೈಲಿಗೆ ಶಾಪ ಹಾಕುತ್ತ ನಿಲ್ಲುತ್ತಿದ್ದರು. 2003ರ ಜುಲೈನಲ್ಲಿ ಒಂದು ದಿನ ಹಾಗೆ ನಿಂತವರ ನಡುವಿನಿಂದ ರಾಜೇಂದ್ರ ಒಳಗೆ ಬಂದ. ಇಸ್ತ್ರಿ ಮುರಿಯದ ಷರ್ಟು, ಕಂಕುಳಲ್ಲಿ ನಕ್ಷೆಯ ಸುರುಳಿ.

"ಐದು ಕಾಪಿ. ಗೆರೆ ಮಾಸಬಾರದು."

ಕವನ ನಕ್ಷೆ ಬಿಡಿಸಿದಳು. ಪೇಟೆಯ ನಟ್ಟನಡುವೆ ಇಪ್ಪತ್ತಡಿ ಆಳಕ್ಕೆ ಅಗೆದು, ಅದರ ತಳದಲ್ಲಿ ರೈಲು ಓಡಿಸುವುದಂತೆ. ಮೇಲೆ ರಸ್ತೆಗಳಿಗೆ ಸೇತುವೆ. ಗೇಟೇ ಇರುವುದಿಲ್ಲ. ಅವಳ ಅಂಗಡಿಯೂ ಇರುವುದಿಲ್ಲ. ಅದರ ಮೇಲೆ ಕೆಂಪು ಗೀಟು ಎಳೆದಿತ್ತು.

"ಯಾವ ಪುಣ್ಯಾತ್ಮನ ಐಡಿಯಾ ಇದು?"

"ಬೆಂಗಳೂರಿನ ಕನ್ಸಲ್ಟೆಂಟ್ ಕಂಪನಿದು. ನಾನಲ್ಲಿ ಸರ್ವೇಯರ್."

"ಊರು?"

"ಸೋಸಲೆ. ಟಿ. ನರಸೀಪುರದ ಹತ್ತಿರ."

"ನಿಮ್ ಕಡೆ ಒಂದು ಹಳಿನೂ ಇಲ್ಲ. ನಮ್ಮ ರೈಲನ್ನ ಹಳ್ಳಕ್ಕೆ ಇಳಿಸೋಕೆ ಬಂದುಬಿಟ್ರಿ!"

ಅವನು ನಕ್ಕ. ಬೈದರೆ ನಗುವ ಗಂಡಸರನ್ನು ಕಂಡರೆ ಕವನಳಿಗೆ ಮೊದಲಿನಿಂದಲೂ ತಾತ್ಸಾರ.

ಮರುದಿನ ಅದೇ ಹಾಳೆ ಹಿಡಿದು ಮತ್ತೆ ಬಂದ. ಅದರ ಮರುದಿನವೂ ಬಂದ. ಮೆಷಿನ್ನಿನ ಹಸಿರು ಬೆಳಕು ಅವಳ ಗಲ್ಲದ ಕೆಳಗೆ ಹಾದುಹೋಗುವಾಗ ಅವನ ಕಣ್ಣು ಜೊತೆಗೇ ಹೋಗುತ್ತಿತ್ತು.

"ನಿನ್ನೆ ಇದನ್ನೇ ಮಾಡಿಸಿದ್ರಲ್ಲ?"

"ಗೆರೆ ಮಾಸಿತ್ತು."

"ಮಾಸಿರೋದು ಗೆರೆಯಲ್ಲ, ನಿಮ್ಮ ನಾಚಿಕೆ."

ಆಗಸ್ಟಿನಲ್ಲಿ ಕಪಿಲೆ ತುಂಬಿ ಹರಿಯತೊಡಗಿದಳು. ಕವನ ಕೇಳಿಯೇ ಬಿಟ್ಟಳು. "ಇಪ್ಪತ್ತಡಿ ಅಗೀತೀರಲ್ಲ, ನೀರು ಎಷ್ಟಡಿಗೆ ಸಿಗುತ್ತೆ ಗೊತ್ತಾ?"

"ಮೂವತ್ತೆರಡು. ಕಂಪನಿಯವರು ಬೋರ್ ಹಾಕಿ ನೋಡಿದ್ದಾರೆ."

"ಯಾವಾಗ?"

"ಏಪ್ರಿಲ್ಲಲ್ಲಿ."

ಅವಳು ನಕ್ಕ ನಗೆಗೆ ಗೇಟಿನಲ್ಲಿ ನಿಂತವರು ತಿರುಗಿ ನೋಡಿದರು. "ಬೇಸಿಗೇಲಿ ಹೊಳೆ ಅಳೆದ ಬೃಹಸ್ಪತಿಗಳು! ಬನ್ನಿ ಇಲ್ಲಿ."

ಅಂಗಡಿಯ ಹಿಂದೆಯೇ ಮನೆ. ಹಿತ್ತಲ ಬಾವಿಯಲ್ಲಿ ಅವಳ ತಾಯಿ ಮಂಗಳಮ್ಮ ಗೇಣುದ್ದ ಎನ್ನುವಂಥ ಹಗ್ಗ ಬಿಟ್ಟು ನೀರು ಸೇದುತ್ತಿದ್ದರು.

"ಒಳೆ ತುಂಬುದ್ರೆ ಇಷ್ಟೇ ಕಣಪ್ಪಾ. ನಿಮ್ ರೈಲ್ಗೆ ದೋಣಿ ತರ ಉಟ್ಟು ಆಕೋಕೆ ಜನ ಮಡೀಕಂಡಿದ್ದೀರಾ?"

ರಾಜೇಂದ್ರ ಟೇಪು ಇಳಿಬಿಟ್ಟ. ಒಂಬತ್ತಡಿ. ಅವನ ಮುಖದ ನಗು ಇಂಗಿಹೋಯಿತು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೊರಟುಹೋದ.

ಆಮೇಲೆ ಎರಡು ವಾರ ಅವನ ಸುಳಿವಿಲ್ಲ. ಅಷ್ಟರಲ್ಲಿ ಯಾರೋ ಬಂದು ಅವಳ ಗೋಡೆಗೆ ಕೆಂಪು ಬಣ್ಣದಲ್ಲಿ, ಒಡೆಯಬೇಕಾದ ಕಟ್ಟಡದ ನಂಬರು ಬಳಿದರು. ರಾಜೇಂದ್ರನೊಬ್ಬ ಹೇಡಿ, ಎಂದುಕೊಂಡಳು ಕವನ. ಸಂಬಳದ ಮುಂದೆ ಬಾಲ ಆಡಿಸುವ ಜಾತಿ. ಇಂಥವನ ಹೆಜ್ಜೆ ಸದ್ದಿಗೆ ದಿನವೂ ಕಿವಿ ಕೊಡುತ್ತಿದ್ದ ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು.

ಪುರಸಭೆ ಹಾಲಿನಲ್ಲಿ ಸಾರ್ವಜನಿಕರ ಸಭೆ ಕರೆದಾಗ, ಎಲ್ಲರೆದುರು ಅವನ ಮಾನ ಕಳೆಯಬೇಕೆಂದೇ ಹೋದಳು. ಕಂಪನಿಯ ಹಿರಿಯ ಇಂಜಿನಿಯರ್ ಬಣ್ಣದ ಚಿತ್ರ ತೋರಿಸಿ, "ಅಂತರ್ಜಲದ ತೊಂದರೆ ಏನೇನೂ ಇಲ್ಲ" ಎಂದರು. ಕವನ ಎದ್ದು ನಿಂತಳು. ಬಾಯಿ ತೆರೆಯುವ ಮೊದಲೇ ವೇದಿಕೆಯ ಮೂಲೆಯಿಂದ ದನಿ ಬಂತು.

"ಸಾ, ಅದು ಸುಳ್ಳು."

ರಾಜೇಂದ್ರ. ಗಡ್ಡ ಬೆಳೆದಿತ್ತು, ಪ್ಯಾಂಟಿಗೆ ಮಂಡಿಯವರೆಗೂ ಕೆಸರು. "ಎರಡು ವಾರದಿಂದ ಹಳಿ ಪಕ್ಕದ ನಲವತ್ತೊಂದು ಬಾವಿ ಅಳೆದಿದ್ದೀನಿ. ಯಾವುದ್ರಲ್ಲೂ ನೀರು ಹದಿನಾಲ್ಕು ಅಡಿಗಿಂತ ಕೆಳಗಿಲ್ಲ. ಮೂರು ಸಲ ಬರೆದುಕೊಟ್ಟೆ. ಮೂರು ಸಲಾನೂ ಹರಿದು ಹಾಕಿದ್ರಿ." ನೋಟ್‌ಬುಕ್ ತೆಗೆದು ಮನೆಮನೆಯ ಹೆಸರು ಓದತೊಡಗಿದ. ಜನ ಎದ್ದರು. "ನಮ್ಮನೇದು ನಿಜ ಕಣ್ರೀ!" "ನಮ್ದೂವೆ!"

ಅಧಿಕಾರಿಗಳು ನಕ್ಷೆ ಸುತ್ತಿಟ್ಟು ಎದ್ದರು. ಯೋಜನೆ ಅಲ್ಲೇ ಮುಗಿಯಿತು. ರಾಜೇಂದ್ರನ ಕೆಲಸವೂ.

ಹೊರಗೆ ಮೆಟ್ಟಿಲ ಮೇಲೆ ಅವನೊಬ್ಬನೇ ಕೂತಿದ್ದ. ಬೈಯಲೆಂದು ಬಂದವಳಿಗೆ ಬೈಗುಳ ಸಿಗಲಿಲ್ಲ.

"ಎರಡು ವಾರದಲ್ಲಿ ನನಗೊಂದು ಮಾತು ಹೇಳೋಕಾಗ್ಲಿಲ್ವಾ?"

"ಹೇಳಿದ್ರೆ ನಂಬ್ತಿದ್ರಾ?"

"ಇಲ್ಲ."

"ಅದಕ್ಕೇಯ."

ಅವಳು ಒಂದು ಮೆಟ್ಟಿಲು ಬಿಟ್ಟು ಕೂತಳು. "ಇನ್ನೇನು ಮಾಡ್ತೀರಾ?"

"ಊರ್ಗೆ ಓಗ್ತೀನಿ." ಇಷ್ಟು ದಿನ ಇಸ್ತ್ರಿ ಮಾಡಿಟ್ಟಿದ್ದ ಅವನ ಮಾತು ಅಂದು ಸುಕ್ಕಾಗಿ, ಸೋಸಲೆಯದೇ ಆಗಿತ್ತು. ಅದು ಅವಳಿಗೆ ಹಿಡಿಸಿತು.

"ಕೆಲಸ ಕಳ್ಕೊಂಡು ಹೋಗಿ ಅವ್ವನ ಮುಂದೆ ಏನಂತೀರಾ?"

"ಒಂದು ಉಡ್ಗಿ ನೋಡಿವ್ನಿ, ದಿನಾ ಬೈತಾಳೆ ಅಂತೀನಿ."

"ನನ್ನ ಕೇಳದೇನೇ? ಅಳೆಯೋ ಮೊದಲೇ ಗೆರೆ ಎಳೆಯೋದು! ನಿಮ್ಮ ಕಂಪನಿ ಬುದ್ಧಿ ನಿಮಗೂ ಅಂಟಿದೆ."

ರಾಜೇಂದ್ರ ಎದ್ದು ಅವಳೆದುರು ನಿಂತ. "ಕೇಳ್ತಾ ಇವ್ನಿ. ನನ್ನ ಮದ್ವೆ ಆಯ್ತೀರಾ?"

ಅವಳು ಅವನ ಕೆಸರು ಪ್ಯಾಂಟನ್ನು ನೋಡಿದಳು, ಗಡ್ಡವನ್ನು ನೋಡಿದಳು, ಕೊನೆಗೆ ಕಣ್ಣನ್ನು.

"ಹೆಸರು ಕವನ ಅಂತ ಹೇಳಿ ನಿಮ್ಮವ್ವಂಗೆ. ಬಾಯಿ ಜೋರು ಅಂತಾನೂ ಹೇಳಿ. ಮುಚ್ಚಿಡಬೇಡಿ." ಮುಖ ಆಚೆ ತಿರುಗಿಸಿದಳು. "ಒಪ್ಪಿದ್ದಾಳೆ ಅಂತಾನೂ ಹೇಳಿ."