ಜಯಂತನ ಹೆಸರಿಗೊಂದು ಪ್ರಾಸ

ಬಹಳ ಹಿಂದೆ, ಏಳು ಹೊಳೆ ದಾಟಿದರೆ ಸಿಗುತ್ತಿದ್ದ ಹೊಂಬಾಗಿಲು ಎಂಬ ರಾಜ್ಯದಲ್ಲಿ ಒಡಪಿನ ಮನೆ ಎಂದರೆ ಗೊತ್ತಿಲ್ಲದವರು ಇರಲಿಲ್ಲ. ಹನ್ನೊಂದು ತಲೆಮಾರಿನಿಂದ ಆ ಮನೆಯ ಹೆಣ್ಣುಮಕ್ಕಳು ಅರಮನೆಯ ಹೊಸ್ತಿಲ ಪಕ್ಕದ ಕಲ್ಲುಮಣೆಯ ಮೇಲೆ ಕುಳಿತವರು. ಕೈಯಲ್ಲಿ ಬೆಳ್ಳಿ ಕಟ್ಟಿನ ಬೆತ್ತ, ತಲೆಯ ಮೇಲೆ ಸೆರಗು, ಬಾಯಲ್ಲಿ ಅಳತೆಯ ಮಾತು. ಒಬ್ಬ ಮದುವಣಗಿತ್ತಿಗೆ ಕೊಟ್ಟ ಒಡಪನ್ನು ಇನ್ನೊಬ್ಬಳಿಗೆ ಕೊಟ್ಟವರಲ್ಲ. ಕೆಲಸ ಮುಗಿಯುವ ಮುನ್ನ ಮದುವೆಮನೆಯಲ್ಲಿ ಒಂದು ಲೋಟ ನೀರು ಕುಡಿದವರಲ್ಲ. ಬೀದಿಯಲ್ಲಿ ನಿಂತು ಹರಟಿದವರಲ್ಲ, ಎರವಲು ಸೀರೆ ಉಟ್ಟವರಲ್ಲ. ಅವರು ಹಾದು ಹೋಗುವಾಗ ಜಗುಲಿಯ ಮೇಲಿದ್ದ ಗೌಡರೂ ಎದ್ದು ನಿಲ್ಲುತ್ತಿದ್ದರು.

ಒಡಪು ಎಂದರೆ ಎರಡು ಸಾಲಿನ ಪದ್ಯ. ಮದುವಣಗಿತ್ತಿ ಗಂಡನ ಹೆಸರನ್ನು ಪ್ರಾಸದಲ್ಲಿ ಇಟ್ಟು ಹೇಳಿ ಹೊಸ್ತಿಲು ದಾಟಬೇಕು. ಎಲ್ಲ ಊರುಗಳಲ್ಲೂ ಇದು ನಗೆಯಾಟ. ಹೊಂಬಾಗಿಲಿನ ಅರಮನೆಯಲ್ಲಿ ಮಾತ್ರ ಆಟವಲ್ಲ. ಅಲ್ಲಿಯ ಹೊಸ್ತಿಲಿಗೆ ಜೀವವಿತ್ತು. ಪ್ರಾಸ ಕೂಡಿದರೆ ಅದು ನೆಲಕ್ಕೆ ಅಂಟಿಕೊಂಡು ದಾರಿ ಬಿಡುತ್ತಿತ್ತು. ಪ್ರಾಸ ತಪ್ಪಿದರೆ ಎದೆಯೆತ್ತರ ಎದ್ದು ನಿಲ್ಲುತ್ತಿತ್ತು. ಹೆಂಡತಿ ಹೊಸ್ತಿಲು ದಾಟಿ ಪಕ್ಕದಲ್ಲಿ ಕುಳಿತ ಮೇಲೆಯೇ ಅಲ್ಲಿ ರಾಜಕುಮಾರ ರಾಜನಾಗುತ್ತಿದ್ದ. ಮದುವೆಯಾಗಿ ಒಂದು ವರ್ಷದೊಳಗೆ ಅದು ಆಗದಿದ್ದರೆ ಸಿಂಹಾಸನ ಹತ್ತಿರದ ರಕ್ತಸಂಬಂಧಿಗೆ ಹೋಗುತ್ತಿತ್ತು.

ಈ ಕಟ್ಟಳೆಯನ್ನು ಚೆನ್ನಾಗಿ ತಿಳಿದಿದ್ದವನು ತೀರಿಹೋದ ರಾಜನ ಮಲತಮ್ಮ ಗರಳಾಕ್ಷ. ಅವನು ಮಾಂತ್ರಿಕ. ಕರಿಗಲ್ಲು ಬೆಟ್ಟದ ಮೇಲೆ ಒಬ್ಬನೇ ಇದ್ದ.

ರಾಜಕುಮಾರ ಜಯಂತನ ಮದುವೆಯ ದಿನ ಬಂತು. ಮದುವಣಗಿತ್ತಿ ಹೇಮಾಂಗಿನಿ ಬಾಗಿಲಲ್ಲಿ ಬಂದು ನಿಂತಳು. ಕಲ್ಲುಮಣೆಯ ಮೇಲೆ ಎಪ್ಪತ್ತು ದಾಟಿದ ಶಿವಗಂಗವ್ವ ಕುಳಿತಿದ್ದಳು. ಅವಳ ಹಿಂದೆ ಮಗಳು ನೀಲಾಂಬಿಕೆ. ವಸಂತ ಎಂಬ ಮಾತನ್ನಿಟ್ಟು ಶಿವಗಂಗವ್ವ ಒಡಪು ಕಟ್ಟಿ ಹುಡುಗಿಗೆ ಬಾಯಿಪಾಠ ಮಾಡಿಸಿದ್ದಳು. ಹುಡುಗಿ ಬಾಯಿ ತೆರೆದಳು. ಅದೇ ಗಳಿಗೆಯಲ್ಲಿ ಗರಳಾಕ್ಷ ಬೆಟ್ಟದ ಮೇಲೆ ನಿಂತು ಒಂದು ದೀರ್ಘ ಉಸಿರು ಒಳಗೆಳೆದುಕೊಂಡ. ಜಯಂತನ ಹೆಸರಿನೊಡನೆ ಕೂಡುವ ಮಾತುಗಳೆಲ್ಲ ಜನರ ನಾಲಿಗೆಯಿಂದ ಕಿತ್ತುಕೊಂಡು ಹಾರಿಹೋದವು. ಮಾತುಗಳ ಹಿಂದೆ ವಸ್ತುಗಳೂ ಹೋದವು.

ವಸಂತ ಹೋಯಿತು, ಚಿಗುರು ಕೊಂಬೆಯೊಳಗೆ ಹಿಂದಿರುಗಿತು. ದಂತ ಹೋಯಿತು; ಪಟ್ಟದ ಆನೆ ಬೋಳು ಮುಖದಲ್ಲಿ ನಿಂತಿತು. ದಿಗಂತ ಹೋಯಿತು, ಆಕಾಶ ಮತ್ತು ನೆಲ ಒದ್ದೆ ಎಲೆಗಳ ಹಾಗೆ ಒಂದಕ್ಕೊಂದು ಅಂಟಿಕೊಂಡವು. ಶ್ರೀಮಂತ ಎಂಬ ಮಾತೂ ಹೋಯಿತು. ಅದರಿಂದ ಯಾರಿಗೂ ಹೆಚ್ಚು ತೊಂದರೆಯಾಗಲಿಲ್ಲ.

ಹೇಮಾಂಗಿನಿ ಮೊದಲ ಸಾಲಿನ ಕೊನೆಯಲ್ಲಿ ತಡವರಿಸಿ ನಿಂತಳು. ಹೊಸ್ತಿಲು ಅವಳ ಎದೆಯೆತ್ತರ ಎದ್ದಿತು.

ರಾಜಮಾತೆ ಪದ್ಮಲದೇವಿ ತಡವರಿಸಿದ ಹುಡುಗಿಯನ್ನೂ ನೋಡಲಿಲ್ಲ, ಹೊಸ್ತಿಲನ್ನೂ ನೋಡಲಿಲ್ಲ. ನೇರವಾಗಿ ಶಿವಗಂಗವ್ವನ ಕಡೆ ತಿರುಗಿದಳು. ತುಂಬಿದ ಸಭೆಯಲ್ಲಿ, ಎರಡು ರಾಜ್ಯದ ಬೀಗರ ಮುಂದೆ, ಹೇಳಿದಳು:

"ಹನ್ನೊಂದು ತಲೆಮಾರು ನಮ್ಮ ಅನ್ನ ಉಂಡು ನಮಗೇ ಎರಡು ಬಗೆದಿರಿ. ನನ್ನ ಮಗನ ಹೆಸರಿನ ಪ್ರಾಸವನ್ನು ಶತ್ರುವಿಗೆ ಒಪ್ಪಿಸಿದಿರಿ. ಕಳ್ಳರ ಮನೆತನ."

ಬೆತ್ತವನ್ನು ಕಿತ್ತುಕೊಂಡರು. ಶಿವಗಂಗವ್ವ ಗೋಡೆ ಹಿಡಿದು ನಡೆದು ಮನೆಗೆ ಬಂದಳು. ಬಂದವಳು ನಡುಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಳು. ಆಮೇಲೆ ಮಾತಾಡಲಿಲ್ಲ.

ತಿಂಗಳುಗಳು ಕಳೆದವು. ಅರಮನೆಯಲ್ಲಿ ಹೊಸ್ತಿಲಿನ ಒಳಗೆ ಜಯಂತ, ಹೊರಗೆ ಹೇಮಾಂಗಿನಿ ಕುಳಿತು ಎದುರುಬದುರಾಗಿ ಊಟ ಮಾಡುತ್ತಿದ್ದರು. ಅವನು ಮೇಲಿನಿಂದ ಹೋಳಿಗೆ ದಾಟಿಸಿದರೆ ಅವಳು ಮೇಲಿನಿಂದ ವೀಳ್ಯ ದಾಟಿಸುತ್ತಿದ್ದಳು. ಪ್ರಾಸ ತರಲು ಕರಿಗಲ್ಲು ಬೆಟ್ಟಕ್ಕೆ ಹೋದ ವೀರರೂ ಪಂಡಿತರೂ ಮೈಕೈ ಮುರಿದುಕೊಂಡು ಹಿಂದಿರುಗಿದರು. ವರ್ಷಕ್ಕೆ ಎಂಟು ದಿನ ಉಳಿದಿತ್ತು.

ಆಗ ನೀಲಾಂಬಿಕೆ ಎದ್ದಳು. ಅವಳಿಗೆ ನಲವತ್ತೆರಡು ವರ್ಷ. ಕತ್ತಿ ಹಿಡಿದವಳಲ್ಲ, ಮಂತ್ರ ಕಲಿತವಳಲ್ಲ. ಒಗೆದು ಮಡಿಸಿಟ್ಟ ಇಳಕಲ್ ಸೀರೆ ಉಟ್ಟು, ನೆರಿಗೆ ಸರಿಮಾಡಿಕೊಂಡು, ತಾಯಿಯ ಮುಂದೆ ನಿಂತಳು.

"ಅವ್ವಾ, ಬೆತ್ತ ತರುತ್ತೇನೆ," ಎಂದಳು.

ಶಿವಗಂಗವ್ವ ಗೋಡೆಯಿಂದ ಮುಖ ತಿರುಗಿಸಲಿಲ್ಲ. ಆದರೆ ಎಷ್ಟೋ ತಿಂಗಳ ಮೇಲೆ ಬಾಯಿ ಬಿಟ್ಟಳು. "ಮೊದಲು ವಸ್ತುವನ್ನು ನೋಡು. ಆಮೇಲೆ ಮಾತು."

ಅದು ಆ ಮನೆಯ ಪದ್ಧತಿ. ಹೆಸರಿನ ಕೊನೆಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಅಡುಗೆಮನೆ, ಹಿತ್ತಲು, ಹೊಲ ಎಲ್ಲ ತಿರುಗಬೇಕು. ಕೂಡುವ ವಸ್ತು ತಾನಾಗಿ ಕಣ್ಣಿಗೆ ಬೀಳುತ್ತದೆ. ನೋಡದ ವಸ್ತುವನ್ನು ಪ್ರಾಸಕ್ಕಾಗಿ ಎಳೆದು ತಂದರೆ ಅದು ಒಡಪಲ್ಲ, ಸುಳ್ಳು.

ಗಂಡ ರಾಚಪ್ಪ ಬುತ್ತಿ ಕಟ್ಟಿಕೊಟ್ಟ. ಎಮ್ಮೆಗೆ ನೀರು ತಾನೇ ಕುಡಿಸುವೆನೆಂದೂ, ದಾರಿಯಲ್ಲಿ ಯಾರಾದರೂ ತಪ್ಪು ಮಾತಾಡಿದರೆ ತಿದ್ದುತ್ತಾ ನಿಲ್ಲಬಾರದೆಂದೂ ಹೇಳಿದ. ನೀಲಾಂಬಿಕೆ ಎರಡನೆಯ ಮಾತನ್ನು ಕೇಳಿಸಿಕೊಳ್ಳದವಳ ಹಾಗೆ ಹೊರಟಳು.

ಬೆಟ್ಟದ ಬುಡದಲ್ಲಿ ಆನೆ ನಿಂತಿತ್ತು. ಗರಳಾಕ್ಷ ಪಟ್ಟದಾನೆಯನ್ನೇ ಕರೆಸಿ ಕಾವಲಿಗೆ ಹಾಕಿದ್ದ.

"ನನ್ನನ್ನು ಹೊಗಳಿ ಎರಡು ಸಾಲು ಹೇಳು. ಮೆಚ್ಚಿದರೆ ಬಿಡುತ್ತೇನೆ, ಮೆಚ್ಚದಿದ್ದರೆ ಎಸೆಯುತ್ತೇನೆ," ಎಂದಿತು ಆನೆ. ಹಿಂದೆ ಬಂದ ಪಂಡಿತರೆಲ್ಲ ಅದರ ಕೋರೆಯನ್ನು ಮಲ್ಲಿಗೆಗೆ ಹೋಲಿಸಿದ್ದರು, ಚಂದ್ರನಿಗೆ ಹೋಲಿಸಿದ್ದರು. ಇಲ್ಲದ ಕೋರೆಯನ್ನು ಹೊಗಳಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಅವರೆಲ್ಲ ಮುಳ್ಳಿನ ಪೊದೆಯಲ್ಲಿ ಬಿದ್ದಿದ್ದರು.

ನೀಲಾಂಬಿಕೆ ಮೊದಲು ನೋಡಿದಳು. ಬೋಳು ಮುಖ. ಒದ್ದೆ ಕಣ್ಣು. ಮುಂಗಾಲಿನಲ್ಲಿ ಹಳೆಯ ಗಾಯದ ಗುರುತು. ಪ್ರವಾಹದ ವರ್ಷ ಈ ಆನೆ ಕೆರೆಯ ಏರಿಗೆ ಅಡ್ಡ ನಿಂತು ಊರು ಉಳಿಸಿದ್ದು ಅವಳಿಗೆ ನೆನಪಿತ್ತು. ಹೇಳಿದಳು:

"ಒಡೆಯುವ ಏರಿಗೆ ಊರುಗೋಲಾಯಿತು ಈ ಕಾಲು,
ಬೋಳು ಮುಖವಾದರೂ ನಿನ್ನದು ಗಜರಾಜರ ಸಾಲು."

ಆನೆ ಎತ್ತಿದ್ದ ಸೊಂಡಿಲನ್ನು ಇಳಿಸಿತು. ಆಮೇಲೆ, "ಬೋಳು ಎಂದು ನೀನೊಬ್ಬಳೇ ಹೇಳಿದೆ, ತಾಯಿ. ಹೋಗು," ಎಂದು ಪಕ್ಕಕ್ಕೆ ಸರಿಯಿತು.

ಬೆಟ್ಟದ ನಡುವಿನಲ್ಲಿ ಗಾಡಿಯ ಗಾತ್ರದ ಜೇಡ ಕುಳಿತು ಆಕಾಶವನ್ನೂ ನೆಲವನ್ನೂ ಒಂದಕ್ಕೊಂದು ಹೊಲಿಯುತ್ತಿತ್ತು. ಮುಂದೆ ದಾರಿಯೇ ಇರಲಿಲ್ಲ.

ಜೇಡ ಬಲು ಮರ್ಯಾದೆಯಿಂದ ಮಾತಾಡಿತು. ಇಷ್ಟು ಕಷ್ಟ ಏಕೆ ತಾಯಿ, ಎಂದಿತು. ರಾಜಕುಮಾರನ ಹೆಸರಿನ ಬಾಲ ಕತ್ತರಿಸಿ ಬರೀ ಜಯ ಎಂದು ಇಟ್ಟುಕೊಳ್ಳಿ. ನಯ, ವಿನಯ, ಅಭಯ, ಎಷ್ಟು ಬೇಕಾದರೂ ಪ್ರಾಸ ಕಟ್ಟಿಕೊಡುತ್ತೇನೆ. ಈಗಲೇ ಮನೆಗೆ ಹೋಗಬಹುದು.

"ಆ ಹೆಸರನ್ನು ತೊಟ್ಟಿಲಲ್ಲಿ ಇಟ್ಟವರು ಅವರ ತಂದೆ," ಎಂದಳು ನೀಲಾಂಬಿಕೆ. "ಅದನ್ನು ಕತ್ತರಿಸಲು ನಾನು ದರ್ಜಿಯಲ್ಲ. ದಾರಿ ಬಿಡು."

ಜೇಡಕ್ಕೆ ಮುಖಭಂಗವಾಯಿತು. ಹಾಗಾದರೆ ಸೂಜಿಯಿಲ್ಲದೆ, ದಾರವಿಲ್ಲದೆ, ಗಂಟಿಲ್ಲದೆ ಈ ಆಕಾಶವನ್ನೂ ನೆಲವನ್ನೂ ಕೂಡಿಸಿ ತೋರಿಸು, ನನ್ನ ಹೊಲಿಗೆ ಬಿಚ್ಚುತ್ತೇನೆ, ಎಂದು ಸವಾಲು ಹಾಕಿತು.

ನೀಲಾಂಬಿಕೆ ಮೇಲೆ ನೋಡಿದಳು, ಕೆಳಗೆ ನೋಡಿದಳು. ಹೇಳಿದಳು:

"ಮೇಲಿನ ಹೊಲದಲ್ಲಿ ಮೋಡದ ಬೆಳೆ,
ಕೆಳಗಿನ ಹೊಲಕ್ಕೆ ಅದರದೇ ಮಳೆ."

ಜೇಡ ಆ ಎರಡು ಸಾಲುಗಳನ್ನು ಎಳೆದು ನೋಡಿತು, ಜಗ್ಗಿ ನೋಡಿತು. ಎಲ್ಲಿಯೂ ಬಿಚ್ಚಲಿಲ್ಲ. ಎಲ್ಲಿಯೂ ದಾರ ಕಾಣಲಿಲ್ಲ. "ನಾನು ಎಂಟು ಕೈಯಲ್ಲಿ ಇಷ್ಟು ಚೆನ್ನಾಗಿ ಹೊಲಿದಿಲ್ಲ," ಎಂದು ಒಪ್ಪಿಕೊಂಡಿತು. ತನ್ನ ಹೊಲಿಗೆಯನ್ನು ಬಿಚ್ಚಿ ಬಾಗಿಲಿನಷ್ಟು ದಾರಿ ಮಾಡಿಕೊಟ್ಟಿತು.

ಬೆಟ್ಟದ ತುದಿಯಲ್ಲಿ ಗರಳಾಕ್ಷನ ಮನೆ. ಅವನು ಹೊಸ್ತಿಲ ಒಳಗೆ ನಿಂತಿದ್ದ.

"ಬಾ ನೀಲಾಂಬಿಕೆ, ಬಾ. ನಿನ್ನ ತಾಯಿ ಹೇಗಿದ್ದಾರೆ? ಬೆತ್ತವಿಲ್ಲದೆ ನಡೆಯಲು ಕಲಿತರೋ?"

"ಚೆನ್ನಾಗಿದ್ದಾರೆ. ನೀನು ಕದ್ದದ್ದನ್ನು ಕೊಡು."

"ಕೊಡುತ್ತೇನೆ. ನನಗೇನು, ಇಷ್ಟು ಮಾತುಗಳನ್ನು ಇಟ್ಟುಕೊಂಡು ಬೇಸರ ಬಂದಿದೆ. ನನ್ನ ಹೆಸರಿಟ್ಟು ಒಂದೇ ಒಂದು ಒಡಪು ಹೇಳು, ಸಾಕು. ಗರಳಾಕ್ಷ. ನಿನ್ನಿಂದ ಆಗುತ್ತದೆಯೋ, ಅದೂ ನಿನ್ನ ತಾಯಿಯ ಕೆಲಸದ ಹಾಗೆ ಅರ್ಧಕ್ಕೆ ನಿಲ್ಲುತ್ತದೆಯೋ?"

ಒಡಪಿನ ಮನೆಯವರಿಗೆ ಒಂದು ಚಾಳಿ ಉಂಟು. ಹೆಸರು ಕಿವಿಗೆ ಬಿದ್ದರೆ ಸಾಕು, ನಾಲಿಗೆ ಅದಕ್ಕೆ ಜೊತೆ ಹುಡುಕಿಬಿಡುತ್ತದೆ. ತಾಯಿಯ ಮಾತು ಬಂದದ್ದಕ್ಕೆ ಸಿಟ್ಟೂ ಸೇರಿತು. ಮುಂದಿನ ಉಸಿರಿನಲ್ಲಿ ರುದ್ರಾಕ್ಷ ಎಂಬ ಮಾತು ನೀಲಾಂಬಿಕೆಯ ತುಟಿಗೆ ಬಂತು. "ಕೊರಳಿಗೆ ಚಂದ—" ಎಂದು ಶುರುಮಾಡಿಯೂ ಬಿಟ್ಟಳು.

ಆಗ ನೆನಪಾಯಿತು: ಮೊದಲು ವಸ್ತು, ಆಮೇಲೆ ಮಾತು. ಬಾಯಿ ಮುಚ್ಚಿ ಕೆಳಗೆ ನೋಡಿದಳು.

ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿತ್ತು. ಅದರ ಮೇಲೆ ಒಂದು ಸೇರು ಇಟ್ಟಿತ್ತು, ಮದುವಣಗಿತ್ತಿ ಕಾಲಿನಿಂದ ಒದ್ದು ಒಳಗೆ ಬರಲು ಇಡುವ ಹಾಗೆ. ಸೇರಿನಲ್ಲಿ ಅಕ್ಕಿಯ ಬದಲು ಮರಳಿತ್ತು.

ನೀಲಾಂಬಿಕೆಗೆ ಎಲ್ಲ ತಿಳಿಯಿತು: ಅರಮನೆಯದರ ಹಾಗೆ ಈ ಹೊಸ್ತಿಲಿಗೂ ಜೀವವಿತ್ತು. ಹೆಣ್ಣು ಹೊಸ್ತಿಲಲ್ಲಿ ನಿಂತು ಯಾರ ಹೆಸರನ್ನು ಒಡಪಿನಲ್ಲಿ ಹೇಳುತ್ತಾಳೋ ಅವಳು ಅವನ ಮನೆಯವಳು. ಹೇಳಿದ್ದರೆ ಅವಳೂ ಅವಳ ವಿದ್ಯೆಯೂ ಎಂದೆಂದಿಗೂ ಆ ಮನೆಯ ಒಳಗೇ.

ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡಳು. ಬೆನ್ನು ನೆಟ್ಟಗೆ ಮಾಡಿ, ಪ್ರತಿ ಅಕ್ಷರ ಬಿಡಿಸಿ ಹೇಳಿದಳು:

"ಬಿಸಿ ಅನ್ನಕ್ಕೆ ಕರಗುವುದು ಹಸುವಿನ ತುಪ್ಪ,
ಮನೆಯಲ್ಲಿ ದಾರಿ ಕಾಯುವರು ನನ್ನ ರಾಯರು ರಾಚಪ್ಪ."

ಇಪ್ಪತ್ತು ವರ್ಷದ ಹಿಂದೆ ಅವಳು ಗಂಡನ ಮನೆಯ ಹೊಸ್ತಿಲಲ್ಲಿ ಹೇಳಿದ್ದ ಒಡಪು ಅದು.

ಗರಳಾಕ್ಷ ಹೊಟ್ಟೆ ಹಿಡಿದು ನಕ್ಕ. "ತುಪ್ಪ, ರಾಚಪ್ಪ! ಹನ್ನೊಂದು ತಲೆಮಾರಿನ ವಿದ್ಯೆ ಇಷ್ಟೇ ಏನು?"

ನೀಲಾಂಬಿಕೆ ನಗಲಿಲ್ಲ. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು.

"ನಿನ್ನ ಹೊಸ್ತಿಲಲ್ಲಿ ನಿಂತು ಮುತ್ತೈದೆ ಒಡಪು ಹೇಳಿದ್ದಾಳೆ. ಉಡಿ ತುಂಬು."

ಗರಳಾಕ್ಷನ ನಗೆ ನಿಂತಿತು. ಹೊಸ್ತಿಲಲ್ಲಿ ಗಂಡನ ಹೆಸರು ಹೇಳಿದ ಹೆಣ್ಣುಮಗಳನ್ನು ಐದು ಹಿಡಿ ಅಕ್ಕಿಯಿಂದ ಉಡಿ ತುಂಬದೆ ಕಳಿಸುವ ಹಾಗಿಲ್ಲ. ಹೊಸ್ತಿಲ ಕಟ್ಟಳೆಯಿಂದಲೇ ಒಂದು ರಾಜ್ಯವನ್ನು ಕಟ್ಟಿಹಾಕಿದವನು ಆ ಕಟ್ಟಳೆಯನ್ನು ಮೀರಲಾರ. ಅವನ ಕೈ ತಾನಾಗಿ ಬಾಗಿಲ ಪಕ್ಕದ ಕಣಜದೊಳಗೆ ಹೋಯಿತು. ಕಣಜದಲ್ಲಿ ಅಕ್ಕಿ ಇರಲಿಲ್ಲ. ಕದ್ದ ಮಾತುಗಳು ಮಾತ್ರ ಇದ್ದವು.

ಒಂದನೆಯ ಹಿಡಿಗೆ ದಂತ ಬಂತು. ಬುಡದಲ್ಲಿ ಆನೆ ಘೀಳಿಟ್ಟಿತು. ಎರಡನೆಯ ಹಿಡಿಗೆ ದಿಗಂತ ಬಂತು. ಆಕಾಶ ನೆಲದಿಂದ ಬಿಡಿಸಿಕೊಂಡು ಮೇಲೆದ್ದಿತು. ಮೂರನೆಯ ಹಿಡಿಗೆ ವಸಂತ ಬಂತು. ಬೆಟ್ಟದ ಒಣಮರಗಳೆಲ್ಲ ಒಟ್ಟಿಗೆ ಚಿಗುರಿದವು. ನಾಲ್ಕನೆಯ ಹಿಡಿಗೆ ಉಳಿದ ಮಾತುಗಳೆಲ್ಲ ಬಂದವು. ಐದನೆಯ ಹಿಡಿಗೆ ಕಣಜ ಬರಿದು.

"ಇನ್ನೂ ಒಂದು ಹಿಡಿ," ಎಂದಳು ನೀಲಾಂಬಿಕೆ. "ನಾಲ್ಕಕ್ಕೆ ನಿಲ್ಲಿಸುವುದು ಪದ್ಧತಿಯಲ್ಲ."

ಗರಳಾಕ್ಷನ ಬಳಿ ಉಳಿದದ್ದು ಅವನ ಬಾಯಲ್ಲಿದ್ದ ಮಾತು ಮಾತ್ರ. ಕಟ್ಟಳೆ ಅದನ್ನೂ ಕಿತ್ತುಕೊಂಡಿತು. ಮಾತಿಲ್ಲದ ಮಾಂತ್ರಿಕನಲ್ಲಿ ಏನು ಉಳಿಯುತ್ತದೆ? ನಿಂತಲ್ಲೇ ಅವನೊಂದು ಖಾಲಿ ಮಣ್ಣಿನ ಗುಡಾಣವಾದ. ಕುರಿ ಕಾಯುವವರು ಅದರೊಳಗೆ ಬಗ್ಗಿ ಕೂಗಿದರೆ ಅವರ ಮಾತನ್ನೇ ಹಿಂದಿರುಗಿಸುತ್ತದೆ. ತನ್ನದೆಂದು ಒಂದು ಮಾತೂ ಅದಕ್ಕಿಲ್ಲ.

ನೀಲಾಂಬಿಕೆ ತುಂಬಿದ ಉಡಿಯನ್ನು ಕಟ್ಟಿಕೊಂಡು ಆನೆಯ ಮೇಲೆ ಕುಳಿತು ಬಂದಳು. ದಾರಿಯುದ್ದಕ್ಕೂ ಜನ ಮಾವಿನ ಚಿಗುರು ಎಸೆದರು. ಅವಳು ಅರಮನೆಗೆ ಹೋಗಲಿಲ್ಲ. ಮೊದಲು ಮನೆಗೆ ಹೋಗಿ ತಾಯಿಯನ್ನು ಎಬ್ಬಿಸಿ, ಮುಖ ತೊಳೆಸಿ, ಒಳ್ಳೆಯ ಸೀರೆ ಉಡಿಸಿ, ಕೈ ಹಿಡಿದು ಕರೆತಂದಳು.

ಒಡಪನ್ನು ಶಿವಗಂಗವ್ವನೇ ಹೇಳಿಕೊಟ್ಟಳು. ಹೇಮಾಂಗಿನಿ ಈ ಸಲ ತಡವರಿಸಲಿಲ್ಲ:

"ಬೋಳು ಕೊಂಬೆಗೆ ಚಿಗುರು ತಂದಿತು ವಸಂತ,
ಹೊಸ್ತಿಲು ದಾಟಲು ಕರೆಯುವರು ನನ್ನ ರಾಯರು ಜಯಂತ."

ಹೊಸ್ತಿಲು ನೆಲಕ್ಕೆ ಅಂಟಿಕೊಂಡಿತು. ಹುಡುಗಿ ದಾಟಿದಳು. ನಗಾರಿಗಳು ಮೊಳಗಿದವು. ಮುಂದೆ ಜಯಂತ ರಾಜನಾಗಿ, ಹೇಮಾಂಗಿನಿ ರಾಣಿಯಾಗಿ, ಹೊಂಬಾಗಿಲಿನ ಜನರೆಲ್ಲ ಹಸಿದ ಹೊತ್ತಿಗೆ ಉಂಡು, ದಣಿದ ಹೊತ್ತಿಗೆ ಹಾಡಿ, ಬಹುಕಾಲ ಸುಖವಾಗಿ ಬಾಳಿದರು. ಆದರೆ ಅದಕ್ಕೆ ಮುನ್ನ, ಅದೇ ಹೊಸ್ತಿಲಲ್ಲಿ, ಒಂದು ಕೆಲಸ ಉಳಿದಿತ್ತು.

ರಾಜಮಾತೆ ಪದ್ಮಲದೇವಿ ಚಿನ್ನದ ಪಲ್ಲಕ್ಕಿ ತರಿಸಿದ್ದಳು. ಐದು ಊರುಗಳ ಉಂಬಳಿ ಬರೆಸಿದ್ದಳು. ಬೆಳ್ಳಿ ಕಟ್ಟಿನ ಬೆತ್ತವನ್ನು ತೊಳೆಸಿ ತಟ್ಟೆಯಲ್ಲಿ ಇಡಿಸಿದ್ದಳು. ಆದದ್ದು ಆಗಿಹೋಯಿತು, ಈ ಶುಭದಿನದಲ್ಲಿ ಹಳೆಯದನ್ನು ಮರೆಯೋಣ, ಎಂದಳು.

ನೀಲಾಂಬಿಕೆ ಬೆತ್ತವನ್ನು ಮಾತ್ರ ತೆಗೆದುಕೊಂಡು ತಾಯಿಯ ಕೈಗೆ ಕೊಟ್ಟಳು. ನಗಾರಿಯವರ ಕಡೆ ಕೈ ತೋರಿಸಿದಳು. ನಗಾರಿ ನಿಂತಿತು.

"ರಾಜಮಾತೆಯವರೇ, ಪಲ್ಲಕ್ಕಿ ಬೇಡ. ಉಂಬಳಿ ಬೇಡ. ಅಂದು ಕಳ್ಳರ ಮನೆತನ ಎಂದಿರಿ. ತುಂಬಿದ ಸಭೆಯಲ್ಲಿ ಅಂದಿರಿ, ಬೀಗರ ಮುಂದೆ ಅಂದಿರಿ. ಸಭೆ ಇಂದೂ ತುಂಬಿದೆ, ಬೀಗರೂ ಇದ್ದಾರೆ. ಎದ್ದು ನಿಂತು ನನ್ನ ತಾಯಿಯ ಕ್ಷಮೆ ಕೇಳಿ."