ಅಪ್ಪಾಜಿ ಜೊತೆ ಜಗಳಕ್ಕೆ ಬಂದವನು

"ಫೆರಾರಿ ಅಂದ್ರೆ ಏನ್ರಿ ಸಾವ್ಕಾರ್ರೆ? ಕೆಂಪು ಬಣ್ಣ, ದೊಡ್ಡ ಸದ್ದು. ಅದು ಬಿಟ್ರೆ ಏನೈತೆ ಅದ್ರಾಗ?"

ಗೇಟು ತೆಗೆಯುತ್ತಿದ್ದ ನಯನಾಳ ಕೈ ಅಲ್ಲೇ ನಿಂತಿತು. ಮನೆಯೊಳಗಿಂದ ಬಂದ ಗಂಡು ದನಿ. ಗುರುತಿಲ್ಲದ ದನಿ. ಅದೂ ಇಷ್ಟು ಜೋರಾಗಿ...

ಅಪ್ಪಾಜಿಗೆ ಲಕ್ವ ಹೊಡೆದ ಮೇಲೆ ನಿಜಲಿಂಗಪ್ಪ ಬಡಾವಣೆಯ ಆ ಮನೆಯಲ್ಲಿ ಯಾರೂ ದನಿ ಎತ್ತಿದ್ದೇ ಇಲ್ಲ. ಟಿವಿ ಕೂಡ ಪಿಸುಗುಡುತ್ತಿತ್ತು. ಅದು ನಯನಾಳೇ ಮಾಡಿದ ಕಟ್ಟಳೆ.

ಅವಳು ಪಾಠ ಮಾಡುವ ಶಾಲೆ ಅವತ್ತು ಅರ್ಧ ದಿನಕ್ಕೇ ಬಿಟ್ಟಿತ್ತು. ಅವಳು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಓಡಿದಳು.

ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಅಪ್ಪಾಜಿ. ಮುಖ ಕೆಂಪಾಗಿದೆ. ಸ್ವಾಧೀನದಲ್ಲಿರುವ ಎಡಗೈ ಕುರ್ಚಿಯ ಹಿಡಿಯನ್ನು ಬಡಿಯುತ್ತಿದೆ. ತುಟಿ ನಡುಗುತ್ತಿದೆ, ಮಾತು ಹೊರಡುತ್ತಿಲ್ಲ. ಎದುರಿಗೆ ಕೂತ ಯುವಕ ಮಾತ್ರ ಮುಂದಕ್ಕೆ ಬಗ್ಗಿ ಇನ್ನೂ ಕೆಣಕುತ್ತಿದ್ದಾನೆ.

"ಪೋರ್ಶೆ ನೈನ್ ಇಲೆವೆನ್ ಕಾರು ನೋಡ್ರಿ. ಎಂಜಿನ್ ಮುಂದೆ ಇಟ್ಟಾರೆ, ಎಷ್ಟು ಚಂದ ಓಡ್ತೈತೆ."

"ಏಳ್ರಿ ಮ್ಯಾಲೆ," ಅಂದಳು ನಯನಾ.

ಅವನು ತಿರುಗಿ ನೋಡಿ ಎದ್ದು ನಿಂತ.

"ಮಾತಾಡಾಕೆ ಬರದೋರ ಮುಂದೆ ಕೂತು ಜಗಳ ಆಡ್ತೀರಲ್ಲ, ನಾಚಿಕೆ ಆಗಲ್ವೇನ್ರಿ?"

"ನಾನು ಅಂಜನ್ ಅಂತ. ಶಾಮನೂರು. ಸಾವ್ಕಾರ್ರ ಜೊತೆ ಭಾನುವಾರ..."

"ಯಾರಾದ್ರೂ ಆಗಿರ್ರಿ. ಬಿಪಿ ಏರಿ ಇವರಿಗೆ ಇನ್ನೊಂದು ಸಲ ಹಂಗೇ ಆದ್ರೆ ನೀವು ಬಂದು ನೋಡ್ಕೊಳ್ತೀರಾ? ಹೋಗ್ರಿ. ಮತ್ತೆ ಈ ಮನೆ ಕಡೆ ಬರಬ್ಯಾಡ್ರಿ."

ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ಅವನು ಹೆಲ್ಮೆಟ್ ಎತ್ತಿಕೊಂಡು, ಅಪ್ಪಾಜಿಯ ಮೊಣಕಾಲು ಮುಟ್ಟಿ, "ಬರ್ತೀನ್ರಿ ಸಾವ್ಕಾರ್ರೆ," ಎಂದು ಹೊರಟುಹೋದ.

ನಯನಾ ನೀರಿನ ಲೋಟ ಹಿಡಿದು ಬರುವಷ್ಟರಲ್ಲಿ ಅಪ್ಪಾಜಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದರು.

ಅಪ್ಪಾಜಿ, ಅಂದರೆ ಉಜ್ಜನಪ್ಪ, ಮೆಕ್ಕೆಜೋಳದ ವ್ಯಾಪಾರಿ. ಧಾನ್ಯದ ಮಂಡಿಯಲ್ಲಿ ಅವರ ಮಾತಿಗೆ ತೂಕವಿತ್ತು. ಆದರೆ ಅವರ ಜೀವ ಇದ್ದದ್ದು ಕಾರುಗಳಲ್ಲಿ. ಪ್ರತಿ ಭಾನುವಾರ ಪಿ.ಜೆ. ಬಡಾವಣೆಯ ಒಂದು ಬೆಣ್ಣೆ ದೋಸೆ ಹೋಟೆಲಿನಲ್ಲಿ ಅವರ ಗುಂಪು ಸೇರುತ್ತಿತ್ತು. ಫೆರಾರಿ ಮೇಲೋ, ಲ್ಯಾಂಬೋರ್ಗಿನಿ ಮೇಲೋ ಎಂದು ಶುರುವಾದರೆ ದೋಸೆ ಆರಿದ್ದೂ ಗೊತ್ತಾಗುತ್ತಿರಲಿಲ್ಲ. ಅವರಲ್ಲಿ ಒಬ್ಬರೂ ಅಂಥ ಕಾರಿನ ಬಾಗಿಲು ಮುಟ್ಟಿದವರಲ್ಲ. ಬೆಂಗಳೂರಿನ ಶ್ರೀಮಂತರ ಕಾರುಗಳು ಹೈವೇಯಲ್ಲಿ ಹಾದುಹೋಗುತ್ತವೆ ಎಂದು ಸುದ್ದಿ ಬಂದರೆ ಬೈಪಾಸ್ ಪಕ್ಕ ಹೋಗಿ ಕಾದು ನಿಲ್ಲುವವರು. ಅಪ್ಪಾಜಿ ಒಮ್ಮೆ ಹಾಗೆ ಕೆಂಪು ಫೆರಾರಿಯನ್ನು ಕಂಡು ಬಂದು ಮನೆಯಲ್ಲಿ ವಾರವಿಡೀ ಅದರ ಸದ್ದನ್ನೇ ಬಾಯಲ್ಲಿ ಮಾಡಿ ತೋರಿಸಿದ್ದರು.

ಆ ಬಾಯಿ ಈಗ ಮೌನ.

ತರಕಾರಿ ಚೀಲ ಹಿಡಿದು ಬಂದ ತಾಯಿ ಮರುಳಸಿದ್ದಮ್ಮ ಬಾಗಿಲಲ್ಲೇ ಕೇಳಿದರು.

"ಅಂಜನ್ ಎಲ್ಲಿ ಹೋದ್ನವ್ವಾ? ಅವನಿಗೆ ಚಾ ಮಾಡಾಕೆ ಹಾಲು ತಂದೀನಿ."

"ಅಮ್ಮಾ, ನಿನಗೆ ಗೊತ್ತಿತ್ತಾ ಅವನು ಬರೋದು?"

"ಪ್ರತಿ ಗುರುವಾರ ಬರ್ತಾನೆ. ಅವತ್ತು ಅವನಿಗೆ ಫ್ಯಾಕ್ಟ್ರಿ ರಜಾ. ನಿನಗೆ ಹೇಳಿದ್ರೆ ಬ್ಯಾಡ ಅಂತಿದ್ದಿ, ಅದಕ್ಕೇ ಹೇಳ್ಲಿಲ್ಲ."

"ಅಪ್ಪಾಜಿಗೆ ಸಿಟ್ಟು ಬರಿಸ್ತಾನಮ್ಮ ಅವನು."

"ಹೂಂ. ಬೇಕಂತಲೇ ತಪ್ಪು ತಪ್ಪು ಹೇಳಿ ಬರಿಸ್ತಾನೆ." ಮರುಳಸಿದ್ದಮ್ಮ ಚೀಲ ಕೆಳಗಿಟ್ಟರು. "ಮೊದಲು ಡಾಕ್ಟ್ರನ್ನ ಕೇಳ್ಕೊಂಡು ಬಂದ. ಬಂದ ಕೂಡ್ಲೆ ಬಿಪಿ ಮಷಿನ್ ಕಟ್ಟಿ ನೋಡ್ತಾನೆ. ಜಾಸ್ತಿ ಇದ್ರೆ ಬಿಸಿಲು ಮಳೆ ಮಾತಾಡಿ ಎದ್ದು ಹೋಗ್ತಾನೆ. ಸರಿ ಇದ್ರೆ ಮಾತ್ರ ಜಗಳ. ಮಾತು ಬರ್ಬೇಕಂದ್ರೆ ಮಾತಾಡೋ ಆಸೆ ಹುಟ್ಬೇಕಂತ. ಡಾಕ್ಟ್ರೇ ಹೇಳಿದ್ದಂತ. ಉಳಿದೋರೆಲ್ಲ ಬಂದು ಪಾಪ ಅಂದು ಹೋದ್ರು ನಯನಾ. ಇವನೊಬ್ಬ ಎದುರು ಕೂತು ಜಗಳ ಆಡಿದ."

ನಯನಾ ಅಂಜನ್ ಕೂತಿದ್ದ ಕುರ್ಚಿಯನ್ನು ನೋಡಿದಳು. ಎಂಥ ಕೆಲಸ ಮಾಡಿಬಿಟ್ಟೆ ನಾನು...

ಸಂಜೆ ಅವಳು ಎಂದಿನಂತೆ ಮಾತಿನ ಅಭ್ಯಾಸದ ಚಿತ್ರಗಳನ್ನು ಹಿಡಿದು ಕೂತಳು. "ಅಪ್ಪಾಜಿ, ಇದು ನೀರು. ಹೇಳ್ರಿ, ನೀ... ರು." ಮಂಡಿಯನ್ನೇ ಆಳಿದ ಮನುಷ್ಯ ಆ ಚಿತ್ರವನ್ನು ನೋಡಲೂ ಇಲ್ಲ. ಎಡಗೈಯಿಂದ ಮೆಲ್ಲಗೆ ದೂಡಿದರು.

ಅವಳು ಚಿತ್ರಗಳನ್ನು ಕೆಳಗಿಟ್ಟಳು. ಕಾರುಗಳ ಬಗ್ಗೆ ಅವಳಿಗೆ ಏನೂ ಗೊತ್ತಿರಲಿಲ್ಲ. ಮಧ್ಯಾಹ್ನ ಕಿವಿಗೆ ಬಿದ್ದ ಒಂದೇ ಮಾತು ನೆನಪಿಗೆ ಬಂತು.

"ಹೌದೇನ್ರಿ ಅಪ್ಪಾಜಿ, ಆ ಪೋರ್ಶೆ ಎಂಜಿನ್ ಮುಂದೇನೇ ಇರ್ತೈತಂತೆ?"

ಅಪ್ಪಾಜಿಯ ಹುಬ್ಬು ಗಂಟಾಯಿತು. ಅವಳತ್ತ ತಿರುಗಿದರು. ತುಟಿ ಅಲುಗಿತು, ನಿಂತಿತು. ಕತ್ತಿನ ನರ ಉಬ್ಬಿತು.

"ಹಿಂ... ಹಿಂದ."

ನಯನಾ ಕುರ್ಚಿಯ ಹತ್ತಿರ ಸರಿದಳು. "ಏನಂದ್ರಿ?"

"ಹಿಂದ," ಅಂದರು ಉಜ್ಜನಪ್ಪ. ಈ ಸಲ ಸ್ವಲ್ಪ ಬೇಸರದಿಂದ, ದಡ್ಡ ಮಗುವಿಗೆ ಹೇಳುವ ಹಾಗೆ.

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಮರುಳಸಿದ್ದಮ್ಮ ಓಡಿಬಂದು ಬಾಗಿಲಿಗೆ ಒರಗಿ ನಿಂತರು. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡುತ್ತ ಅತ್ತರು. ಅಪ್ಪಾಜಿಗೆ ಇವರು ಯಾಕೆ ಅಳುತ್ತಿದ್ದಾರೆಂದೇ ತಿಳಿಯಲಿಲ್ಲ. ಎಂಜಿನ್ ಹಿಂದೆ ಇರುವುದಕ್ಕೆ ಅಳುವುದೇನಿದೆ?

ಭಾನುವಾರ ಬೆಳಿಗ್ಗೆ ನಯನಾ ಆ ದೋಸೆ ಹೋಟೆಲಿಗೆ ಹೋದಳು.

"ಮೆಕ್ಲಾರೆನ್ ಎಫ್ ಒನ್ ಕಾರಿನಾಗ ಡ್ರೈವರ್ ಸೀಟು ನಟ್ಟನಡುವೆ ರೀ," ಎನ್ನುತ್ತಿದ್ದರು ಬಿಳಿ ಗಡ್ಡದ ನಬೀ ಸಾಬ್. ಅವರದು ಕಾರಿನ ಸೀಟ್ ಕವರ್ ಅಂಗಡಿ. "ಇಷ್ಟು ವರ್ಷ ಸೀಟು ಹೊಲಿದೀನಿ, ಅಂಥ ರಾಜನ ಸೀಟು ಹೊಲಿಯೋ ನಸೀಬು ಬರ್ಲಿಲ್ಲ."

"ನಡುವೆ ಕೂತ್ರೆ ಟೋಲ್‌ನಾಗ ಕೈ ಹೆಂಗೆ ಚಾಚ್ತೀರಿ ಸಾಬ್ರೆ?" ಎಂದ ರೇವಂತ್ ಎಂಬಾತ.

"ಈಗ ಫಾಸ್ಟ್ಯಾಗ್ ಐತಲ್ಲೋ ಮಾರಾಯ."

ನಗುತ್ತಿದ್ದವರು ಅವಳ ಕಡೆ ತಿರುಗಿದರು. ನಬೀ ಸಾಬ್ ಎದ್ದು ಕುರ್ಚಿ ಸರಿಸಿದರು. "ಬಾ ತಾಯಿ. ಉಜ್ಜನಪ್ಪನೋರು ಹೆಂಗದಾರೆ?"

ಅವಳು ನಡೆದದ್ದನ್ನೆಲ್ಲ ಹೇಳಿದಳು. "ಅಂಜನ್ ಎಲ್ಲಿ ಸಿಗ್ತಾರೆ?" ಎಂದು ಕೇಳಿದಳು.

"ಈಗೀಗ ಭಾನುವಾರ ಅವನಿಗೆ ಹರಿಹರದ ಫ್ಯಾಕ್ಟ್ರಿಯಾಗ ಡ್ಯೂಟಿ. ಮಧ್ಯಾಹ್ನ ಬಿಡ್ತಾರೆ." ನಬೀ ಸಾಬ್ ಚಟ್ನಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. "ನಾವೂ ಬಂದಿದ್ವಿ ತಾಯಿ. ಏನು ಮಾತಾಡ್ಬೇಕೋ ತಿಳೀಲಿಲ್ಲ, ಎದ್ದು ಬಂದ್ವಿ. ಅಂಜನ್ ಹಂಗಲ್ಲ. ಅವನು ಮೊದಲ ಸಲ ಇಲ್ಲಿಗೆ ಬಂದಾಗ ಇನ್ನೂ ಡಿಪ್ಲೊಮಾ ಓದ್ತಿದ್ದ. ಲ್ಯಾಂಬೋರ್ಗಿನಿಯೋರು ಮೊದಲು ಟ್ರ್ಯಾಕ್ಟರ್ ಮಾಡ್ತಿದ್ರು, ಅದಕ್ಕೇ ಅದು ನಮ್ಮಂಥ ರೈತರ ಕಾರು ಅಂದ. ನಾವೆಲ್ಲ ನಕ್ವಿ. ನಿಮ್ಮಪ್ಪ ನಗ್ಲಿಲ್ಲ. ಎದುರು ಕೂತು ಮಧ್ಯಾಹ್ನದ ತನಕ ಅವನ ಜೊತೆ ವಾದ ಮಾಡಿದ್ರು."

ಹರಿಹರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ನಯನಾ ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಕ್ಷಮಿಸ್ರಿ ಅನ್ನಬೇಕಾ? ಮೊದಲು ಥ್ಯಾಂಕ್ಸ್ ಅನ್ನಬೇಕಾ? ಆತ ಮುಖ ತಿರುಗಿಸಿ ಹೋದರೆ...

ಫ್ಯಾಕ್ಟರಿ ಗೇಟಿನಿಂದ ಹೊರಬಂದ ಅಂಜನ್ ಅವಳನ್ನು ಕಂಡವನೇ ಬಿಳಿಚಿಕೊಂಡ. ಹತ್ತಿರ ಓಡಿಬಂದ.

"ಸಾವ್ಕಾರ್ರು ಹೆಂಗದಾರೆ?"

ಜೋಡಿಸಿಟ್ಟ ಮಾತೆಲ್ಲ ಅವಳಿಗೆ ಮರೆತುಹೋಯಿತು.

"ಮಾತಾಡಿದ್ರು," ಅಂದಳು. "ಎಂಜಿನ್ ಹಿಂದ ಅಂದ್ರು."

ಅಂಜನ್ ಪಕ್ಕದ ಕಟ್ಟೆಯ ಮೇಲೆ ಕುಸಿದು ಕೂತ. ಕರ್ಚೀಫು ತೆಗೆದು ಮುಖ ಒರೆಸಿಕೊಂಡ. ಬೆವರೊಂದೇ ಅಲ್ಲ ಎಂದು ಅವಳಿಗೆ ತಿಳಿಯಿತು.

ಇಬ್ಬರೂ ನಡೆಯುತ್ತ ಹೊಳೆಯ ದಂಡೆಗೆ ಬಂದರು. ತುಂಗಭದ್ರೆ ಬಿಸಿಲಿಗೆ ಮೆಲ್ಲಗೆ ಹರಿಯುತ್ತಿತ್ತು. ಮೆಟ್ಟಿಲ ಮೇಲೆ ಯಾರೋ ಕಂಬಳಿ ಒಗೆಯುತ್ತಿದ್ದರು.

"ಅವತ್ತು ನಾನು ಹಂಗೆ ಮಾತಾಡ್ಬಾರ್ದಿತ್ತು. ತಪ್ಪಾತು," ಅಂದಳು ನಯನಾ.

"ನೀವು ಹೆದರಿದ್ದು ತಪ್ಪಲ್ರಿ. ನನಗೂ ಪ್ರತಿ ಸಲ ಹೆದರಿಕೆ ಆಗ್ತಿತ್ತು." ಅವನು ಮೆಟ್ಟಿಲ ಮೇಲೆ ಕೂತು ನೀರಿನ ಕಡೆ ನೋಡುತ್ತಿದ್ದ. "ನಮ್ಮಪ್ಪ ಸಣ್ಣಬೀರಪ್ಪ ಅಂತ. ಅವರಿಗೂ ಹಿಂಗೇ ಆಗಿತ್ತು. ನಾನು, ನಮ್ಮವ್ವ ಅಂಜಿನವ್ವ, ಎಲ್ಲಾರೂ ಭಾಳ ಚಂದ ನೋಡ್ಕೊಂಡ್ವಿ. ಒಂದು ಮಾತು ಎದುರಾಡ್ಲಿಲ್ಲ. ಅವರು ಸುಮ್ಮನೇ ಇದ್ರು, ಸುಮ್ಮನೇ ಹೋದ್ರು. ಆಮೇಲೆ ಅನ್ನಿಸ್ತು... ಒಂದು ದಿನನಾದ್ರೂ ಹೊಲದ ವಿಷಯಕ್ಕೆ ಜಗಳ ತೆಗೀಬೇಕಿತ್ತು ಅಂತ."

ನಯನಾ ಅವನ ಪಕ್ಕದಲ್ಲಿ, ಒಂದು ಮೆಟ್ಟಿಲು ಕೆಳಗೆ ಕೂತಳು.

"ಸಾವ್ಕಾರ್ರು ನನ್ನ ಮಾತಿಗೆ ಸಿಟ್ಟು ಮಾಡ್ಕೊಂಡ ಮೊದಲ ದೊಡ್ಡ ಮನುಷ್ಯ ರೀ," ಎಂದು ಅಂಜನ್ ನಕ್ಕ. "ಬೆಲೆ ಇರೋ ಮಾತಿಗೆ ತಾನೇ ಸಿಟ್ಟು ಬರೋದು? ಆ ಋಣ ಐತೆ ನನ್ನ ಮ್ಯಾಲೆ."

"ಗುರುವಾರ ಬರ್ರಿ," ಅಂದಳು ನಯನಾ. "ಸಂಜೀಕೆ ಬರ್ರಿ. ಆಗ ನಾನೂ ಇರ್ತೀನಿ."

ಗುರುವಾರಗಳು ಬಂದವು. ಮೊದಮೊದಲು ಅಪ್ಪಾಜಿಗೆ ಒಂದೊಂದೇ ಮಾತು. "ಸುಳ್ಳ." "ಅಲ್ಲ." "ಥೂ." ಆಮೇಲೆ ಎರಡು, ಮೂರು. ಮಾತು ಸಿಕ್ಕದೆ ಅವರು ತಡವರಿಸಿದಾಗ ನಯನಾ ಪೂರ್ತಿ ಮಾಡುತ್ತಿದ್ದಳು. ಅದಕ್ಕಾಗಿ ಊಟದ ಬಿಡುವಿನಲ್ಲಿ ಫೆರಾರಿಯ ವಿಡಿಯೋ ನೋಡತೊಡಗಿದಳು. ಜೊತೆಯ ಟೀಚರುಗಳು ನಕ್ಕರು.

"ಲ್ಯಾಂಬೋರ್ಗಿನಿ ನಿಂತ್ರೂ ಚಂದ ರೀ," ಎನ್ನುತ್ತಿದ್ದ ಅಂಜನ್.

"ನಿಂತ್ಕೊಳ್ಳಾಕೆ ಕಾರು ಯಾಕ್ರಿ ಬೇಕು? ಫೆರಾರಿ ತಿರುವಿನಾಗ ಹೋಗೋದು ನೋಡ್ರಿ. ಅಲ್ವೇನ್ರಿ ಅಪ್ಪಾಜಿ?"

"ಹೂಂ. ಹೇಳು... ಅವನಿಗೆ," ಎಂದು ಅಪ್ಪಾಜಿ ಬಾಯಿ ವಾರೆ ಮಾಡಿ ನಗುತ್ತಿದ್ದರು.

ಅಂಜನ್ ವಾದದಲ್ಲಿ ಸೋತಾಗ ಕಿವಿ ಕೆರೆದುಕೊಳ್ಳುತ್ತಾನೆ ಎಂಬುದನ್ನು ನಯನಾ ಗಮನಿಸಿದ್ದಳು. ಹೊರಡುವ ಮುಂಚೆ ಅಪ್ಪಾಜಿಯ ಬಲಗೈ ಬೆರಳುಗಳನ್ನು ಒಂದೊಂದಾಗಿ ನೀವುತ್ತಾನೆ ಎಂಬುದನ್ನೂ. ಯಾರೂ ಹೇಳದೆ, ಯಾರಿಗೂ ತೋರಿಸಿಕೊಳ್ಳದೆ. ದೇವರು ಯಾವ ರೂಪದಲ್ಲಿ ಬರುತ್ತಾನೋ ಏನೋ... ನಾನು ಮನೆಯಿಂದಲೇ ಓಡಿಸಿದ್ದೆನಲ್ಲ.

ಒಂದು ಸಂಜೆ ಸೊಪ್ಪು ಬಿಡಿಸುತ್ತ ಮರುಳಸಿದ್ದಮ್ಮ ಕೇಳಿದರು. "ಹುಡುಗ ಬೇರೆ ಜಾತಿ ಜನ. ನಿನಗೆ ಗೊತ್ತೈತಲ್ಲ?"

ನಯನಾಳ ಮುಖ ಬಿಸಿಯಾಯಿತು. "ನಾನೇನು ಹೇಳಿದೆ ಈಗ?"

"ಹೇಳ್ಬೇಕೇನು? ಹಡೆದೀನಿ ನಿನ್ನ." ಅವರು ಇನ್ನೊಂದು ಕಟ್ಟು ಬಿಚ್ಚಿದರು. "ನೆಂಟರು ಏನಾದ್ರೂ ಅಂತಾರೆ. ಅನ್ಲಿ. ಕಷ್ಟ ಬಂದಾಗ ಯಾರು ಜೊತೆಗೆ ಕೂತಿದ್ರು ಅಂತ ನಾನೂ ನೋಡೀನಿ."

ಚಳಿ ಕಡಿಮೆಯಾಗುವ ಹೊತ್ತಿಗೆ ಉಜ್ಜನಪ್ಪ ಕೋಲು ಹಿಡಿದು ನಡೆಯತೊಡಗಿದರು. ಒಂದು ಭಾನುವಾರ ನಯನಾ ಅವರನ್ನು ತಾನು ಆಗಷ್ಟೇ ಓಡಿಸಲು ಕಲಿತಿದ್ದ ಮನೆಯ ಕಾರಿನಲ್ಲಿ ಕೂರಿಸಿಕೊಂಡು ದೋಸೆ ಹೋಟೆಲಿಗೆ ಕರೆತಂದಳು. ಅಂಜನ್ ರಜೆ ಬದಲಿಸಿಕೊಂಡು ಬಂದಿದ್ದ. ನಬೀ ಸಾಬ್ ಅಪ್ಪಾಜಿಯನ್ನು ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ದೋಸೆ ಬಂತು, ಜಗಳ ಶುರುವಾಯಿತು. ಅಪ್ಪಾಜಿಯ ಮಾತು ನಿಧಾನ. ಎಲ್ಲರೂ ಕಾದರು. ಆದರೆ ಯಾರೂ ಬಿಟ್ಟುಕೊಡಲಿಲ್ಲ.

ಹೊರಡುವಾಗ ಅಂಜನ್ ಅಪ್ಪಾಜಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದ. ಬಾಗಿಲು ಮುಚ್ಚಿ ನಯನಾ ನಿಂತಿದ್ದ ಕಡೆ ಬಂದ.

"ಇನ್ನ ಸಾವ್ಕಾರ್ರು ಇಲ್ಲಿಗೇ ಬರ್ತಾರೆ. ಗುರುವಾರ ನಾನು ಬರೋ ಕೆಲಸ ಇಲ್ಲ."

ನಯನಾ ಕಾರಿನ ಕೀಲಿಯನ್ನು ಬಿಗಿಯಾಗಿ ಹಿಡಿದಳು. "ಕೆಲಸ ಇದ್ರೆ ಮಾತ್ರ ಬರ್ತೀರಾ?"

ಅಂಜನ್ ಕಿವಿ ಕೆರೆದುಕೊಂಡ. "ಕೆಲಸ ಮುಗಿದು ಭಾಳ ದಿನ ಆತು. ಆದ್ರೂ ಬರ್ತಿದ್ದೆ."

"ಯಾಕ?"

"ನಿಮಗೆ ಗೊತ್ತಿಲ್ವಾ?"

ರಸ್ತೆಯಲ್ಲಿ ಆಟೋಗಳ ಗದ್ದಲ. ನಯನಾಳಿಗೆ ಅದೇನೂ ಕೇಳಿಸಲಿಲ್ಲ. "ಥ್ಯಾಂಕ್ಸ್ ಅನ್ಬೇಕು ಅಂತ ಎಷ್ಟೋ ಸಲ ಬಾಯಿಗೆ ಬಂತು," ಅಂದಳು. "ಆ ಮಾತು ಸಾಕಾಗಲ್ಲ ಅನ್ನಿಸಿ ಸುಮ್ಮನಾದೆ. ಈಗ ನೀವು ಬರಲ್ಲ ಅಂದ್ರೆ... ನನಗೆ ಗುರುವಾರ ಹೆಂಗೆ ಕಳೀಬೇಕೋ ಗೊತ್ತಿಲ್ಲ."

"ನಾವು ಬೇರೆ ಜನ, ಹೊಲ ಗೇಯೋ ಮಂದಿ ನಯನಾ ಅವರೆ. ನಿಮ್ಮ ಮನ್ಯಾಗ ಒಪ್ತಾರಾ..."

"ಅಪ್ಪಾಜಿನ್ನೇ ಕೇಳ್ರಿ. ಈಗ ಬಾಯಿ ಬಿಟ್ಟು ಹೇಳ್ತಾರಲ್ಲ."

ಅಂಜನ್ ಸುತ್ತಿಕೊಂಡು ಹೋಗಿ ಕಿಟಕಿಗೆ ಬಗ್ಗಿದ. "ಸಾವ್ಕಾರ್ರೆ, ನಯನಾ ಅವರನ್ನ ಮದುವೆ ಆಗ್ಬೇಕು ಅಂತ ಆಸೆ ಐತೆ. ನೀವು ಒಪ್ಪಿದ್ರೆ."

ಉಜ್ಜನಪ್ಪ ಅವನನ್ನೇ ನೋಡಿದರು. ಕಣ್ಣು ತುಂಬಿ ಬಂತು. ಮಾತು ಹುಡುಕಿಕೊಳ್ಳಲು ಅವರಿಗೆ ಸಮಯ ಬೇಕಾಯಿತು.

"ನನ್ನ... ಯಾಕ ಕೇಳ್ತಿ?" ಅಂದರು. ಎಡಗೈ ಎತ್ತಿ ಮಗಳ ಕಡೆ ತೋರಿಸಿದರು. "ಅವಳ್ನ... ಕೇಳು."

ಅಂಜನ್ ಮತ್ತೆ ಈಚೆ ಬಂದ. ನಗು ತಡೆಯಲು ಅವನಿಂದ ಆಗಲಿಲ್ಲ.

"ಕೇಳಿಸ್ತಾ ನಿಮಗೆ?"

"ಕೇಳಿಸ್ತು."

"ಏನಂತೀರಿ ಮತ್ತೆ?"

"ಹೂಂ ಅಂತೀನಿ." ಅವಳ ದನಿ ಅವಳಿಗೇ ಸಣ್ಣದಾಗಿ ಕೇಳಿಸಿತು. "ಆದ್ರೆ ಅಮ್ಮಗೆ ನೀವೇ ಹೇಳ್ಬೇಕು."

"ಯಾವಾಗ?"

"ಈಗಲೇ." ನಯನಾ ಹಿಂದಿನ ಬಾಗಿಲು ತೆಗೆದು ಹಿಡಿದಳು. "ಹತ್ರಿ. ಅಮ್ಮ ಅಡಿಗೆ ಮಾಡಿ ಕಾಯ್ತಿರ್ತಾಳೆ."