ಉಣುಗು ಹೆಕ್ಕುವ ಸಂಜೆಗಳು

ಹುಲ್ಲು ಕತ್ತರಿಸಲು ಬಂದವನು ಪ್ಯಾಂಟಿನ ಅಂಚನ್ನು ಬಿಳಿ ಕಾಲುಚೀಲದೊಳಗೆ ತುರುಕಿಕೊಂಡು ಗೇಟಿನ ಬಳಿ ನಿಂತಿದ್ದ. ನೋಡಿದ ಕೂಡಲೇ ಅವಳಿಗೆ ನಗು ಬಂತು. ಒಳ್ಳೆಯ ನಗುವಲ್ಲ. ಹನ್ನೆರಡು ವರ್ಷದಿಂದ ಪರದೆ ಹೊಲಿಯುವ ಅಂಗಡಿ ನಡೆಸುತ್ತಿದ್ದವಳು. ಬಟ್ಟೆ ನೋಡಿಯೇ ಮನುಷ್ಯರ ಬೆಲೆ ಕಟ್ಟುವ ಚಟ ಅಂಟಿತ್ತು.

"ಸೈಕಲ್ ಎಲ್ಲಿ ಬಿಟ್ಟಿರಿ?" ಎಂದಳು.

"ಸೈಕಲ್ ಇಲ್ಲ."

"ಮತ್ತೆ ಈ ವೇಷ?"

"ಉಣುಗು ಒಳಗೆ ಹತ್ತಬಾರದು ಅಂತ. ತಿಳಿ ಬಣ್ಣದ ಮೇಲೆ ಬೇಗ ಕಾಣುತ್ತೆ." ಅವನ ಕಣ್ಣು ಅವಳ ಕಡುನೀಲಿ ಉಡುಪಿನ ಮೇಲಿಂದ ಬರಿಗಾಲಿನವರೆಗೆ ನಿಧಾನವಾಗಿ ಇಳಿದು, ಅಷ್ಟೇ ನಿಧಾನವಾಗಿ ಮೇಲೇರಿತು. "ನಿಮ್ಮ ವೇಷದಲ್ಲಾದ್ರೆ ಹತ್ತಿದ್ದೂ ಗೊತ್ತಾಗಲ್ಲ."

ಎಂಥ ಕೊಬ್ಬು, ಎಂದುಕೊಂಡಳು. ಅವನಿಗೆ ಕಾಲುಚೀಲ ಎಂದು ಅಲ್ಲೇ ಹೆಸರಿಟ್ಟಳು.

ಆ ಮನೆಯಲ್ಲಿ ಉಣುಗಿನ ಮಾತೆತ್ತುವ ಹಾಗಿರಲಿಲ್ಲ. ಅಣ್ಣನ ಮಗಳು ಪುಟ್ಟಿ ಉಣುಗು ಕಚ್ಚಿ ಜ್ವರ ಬಂದು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು, ಹಿಂದಿನ ವಾರವಷ್ಟೇ ಮನೆಗೆ ಮರಳಿದ್ದಳು. ತಪ್ಪೆಲ್ಲ ನಾಯಿಯದು ಎಂದು ಅಣ್ಣ ತೀರ್ಪು ಕೊಟ್ಟಾಗಿತ್ತು. ದಡಿಯ ಎಂಬ ಆ ಕಂದು ನಾಯಿ ಅವಳದು, ಅಂಗಳದಲ್ಲೇ ಬೆಳೆದದ್ದು. ಭಾನುವಾರದೊಳಗೆ ಅದನ್ನು ಸಾಗಹಾಕಬೇಕಿತ್ತು.

ಅಣ್ಣನೆಂದರೆ ಅವಳಿಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ಅವನಿಗೆ ತಿಳಿಯದ ವಿಷಯವೇ ಇಲ್ಲ. ನಾಯಿ ಡಾಕ್ಟರ ಔಷಧವೆಲ್ಲ ಮೋಸ. ಉಣುಗು ಕಂಡರೆ ಸೀಮೆಎಣ್ಣೆ ಸುರಿಯಬೇಕು, ಇಲ್ಲವೇ ಕಡ್ಡಿ ಗೀರಿ ಸುಡಬೇಕು. ಅಂಗಳದ ಮೂಲೆಯಲ್ಲಿ ಅವನು ಎಸೆಯಲು ಬಿಡದ ಹಳೇ ಸೋಫಾ, ಸೌದೆಯ ರಾಶಿ, ಸುತ್ತ ಮೊಣಕಾಲೆತ್ತರದ ಹುಲ್ಲು. "ಹುಲ್ಲಿದ್ರೆ ತಂಪು" ಎನ್ನುತ್ತಿದ್ದ. ಕೊನೆಗೆ ಅತ್ತಿಗೆಯೇ ಹಟ ಹಿಡಿದು ಹುಲ್ಲಿನವನನ್ನು ಕರೆಸಿದ್ದಳು.

"ಒಂದು ಬಿಳಿ ಬಟ್ಟೆ ಇದ್ಯಾ?" ಎಂದು ಅವನು ಕೇಳಿದ.

ಪರದೆಗೆ ಹಾಕುವ ಅಸ್ತರಿನ ತುಂಡು ತಂದುಕೊಟ್ಟಳು. ಅವನು ಅದನ್ನು ಕೋಲಿಗೆ ಕಟ್ಟಿ, ಸೋಫಾದ ಸುತ್ತ ಹುಲ್ಲಿನ ಮೇಲೆ ಮೆಲ್ಲಗೆ ಎಳೆದುಕೊಂಡು ಹೋಗಿ ಅವಳ ಮುಂದೆ ಬಿಡಿಸಿದ. ಎಳ್ಳಿಗಿಂತ ಸಣ್ಣ ಚುಕ್ಕೆಗಳು. ಎಳ್ಳು ನಡೆಯುವುದಿಲ್ಲ, ಇವು ನಡೆಯುತ್ತಿದ್ದವು.

"ಮಗು ಎಲ್ಲಿ ಆಡ್ತಿತ್ತು?"

ಅವಳು ಸೋಫಾ ತೋರಿಸಿದಳು.

"ನಾಯೀನೂ ಅಲ್ಲೇ ಮಲಗುತ್ತೆ ಅಲ್ವಾ. ಹೊಲಿಗೆ ಒಂದು ನೂಲು ತಪ್ಪಿದ್ರೂ ನಿಮ್ಮ ಕಣ್ಣಿಗೆ ಬೀಳುತ್ತೆ ಅಂತಾರೆ. ಅದರ ಕಿವಿ ಮಡಿಸಿ ಯಾವತ್ತಾದ್ರೂ ನೋಡಿದ್ದೀರಾ?"

ಕಪಾಳಕ್ಕೆ ಹೊಡೆದ ಹಾಗಾಯಿತು. ನೋಡಿರಲಿಲ್ಲ.

ಅವನು ನಾಲ್ಕು ದಿನ ಬಂದ. ಹುಲ್ಲು ಕತ್ತರಿಸಿದ, ಸೌದೆಯನ್ನು ಬಿಸಿಲಿಗೆ ಸರಿಸಿದ, ಬೇಲಿ ಮತ್ತು ಅಂಗಳದ ನಡುವೆ ಜಲ್ಲಿಯ ಪಟ್ಟಿ ಹಾಸಿದ. ಉಣುಗು ಒಣ ಜಲ್ಲಿ ದಾಟಲು ಹಿಂಜರಿಯುತ್ತದಂತೆ. ಅವಳು ನಾಯಿ ಡಾಕ್ಟರ ಹತ್ತಿರ ಹೋಗಿ, ತಿಂಗಳಿಗೊಮ್ಮೆ ದಡಿಯನ ಹೆಗಲ ನಡುವೆ ಹನಿ ಬಿಡುವ ಔಷಧ ತಂದಳು.

ಸಂಜೆ ಇಬ್ಬರೂ ಮೆಟ್ಟಿಲ ಮೇಲೆ ದಡಿಯನನ್ನು ನಡುವೆ ಕೂರಿಸಿಕೊಂಡು ಮೈ ಹುಡುಕುತ್ತಿದ್ದರು. ಕಿವಿಯ ಮಡಿಕೆ, ಬೆರಳ ಸಂದು, ಬಾಲದ ಬುಡ. ಚಿಮಟವನ್ನು ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ ನೇರವಾಗಿ ಎಳೆಯಬೇಕು.

"ಕೈ ನಡುಗ್ತಿದೆ" ಎಂದ.

"ನಿಮ್ಮ ಕಾಲುಚೀಲ ನೋಡಿ ನಗು ತಡೀತಿದೀನಿ, ಅದಕ್ಕೆ."

ತುಪ್ಪಳದೊಳಗೆ ಅವನ ಬೆರಳು ಅವಳ ಬೆರಳಿಗೆ ತಾಗಿತು. ಇಬ್ಬರೂ ಅಲ್ಲೊಂದು ಉಣುಗು ಇದೆಯೆಂಬಂತೆ ತುಸು ಹೊತ್ತು ಹುಡುಕಿದರು. ಇರಲಿಲ್ಲ. ಅವನ ರೆಪ್ಪೆಯ ಮೇಲೆ ಹುಲ್ಲಿನ ಪುಡಿ ಕೂತಿತ್ತು, ಒರೆಸಬೇಕೆನಿಸಿತು. ಇಂಥವನ ರೆಪ್ಪೆ ನೋಡುವಷ್ಟು ಕೆಟ್ಟೆನೇ, ಎಂದು ತನ್ನನ್ನೇ ಬೈದುಕೊಂಡಳು.

ಕಿಟಕಿಯಿಂದ ಅಣ್ಣನ ದನಿ ಬಂತು. "ಹುಲ್ಲು ಕೊಯ್ಯೋನ ಜೊತೆ ಕೂತು ಹಲ್ಲು ಕಿರಿಯೋದು ಯಾವ ಮರ್ಯಾದೆ?"

"ನಿನ್ನ ಸೋಫಾದ ಜೊತೆ ಕೂರೋದಕ್ಕಿಂತ ವಾಸಿ" ಎಂದಳು.

ಭಾನುವಾರ ಬೆಳಿಗ್ಗೆ ಅತ್ತಿಗೆ ಅಂಗಳಕ್ಕೆ ಬಂದು ಅವನೆದುರು ನಿಂತಳು. ಒಂಬತ್ತು ದಿನ ಮಗಳ ಮಂಚದ ಪಕ್ಕ ಕೂತಿದ್ದವಳು. ಕಣ್ಣ ಕೆಳಗಿನ ಕಪ್ಪು ಇನ್ನೂ ಹೋಗಿರಲಿಲ್ಲ. "ನಾಯಿ ಇಲ್ಲೇ ಇದ್ರೆ ನನ್ನ ಮಗಳಿಗೆ ಮತ್ತೆ ಜ್ವರ ಬರಲ್ಲ ಅಂತ ಹೇಳ್ತೀರಾ?"

ಹೂಂ ಎನ್ನು, ಎಂದು ಅತ್ತಿಗೆಯ ಹಿಂದೆ ನಿಂತಿದ್ದ ಅವಳು ಕಣ್ಣಲ್ಲೇ ಬೇಡಿಕೊಂಡಳು. ಅವನು ಆ ಕಣ್ಣನ್ನು ನೋಡಿದ.

"ಹೇಳಕ್ಕಾಗಲ್ಲಮ್ಮ. ಅಪಾಯ ತುಂಬಾ ಕಮ್ಮಿ ಮಾಡಬಹುದು. ಪೂರ್ತಿ ಇಲ್ಲ ಅಂತ ಮಾಡಕ್ಕಾಗಲ್ಲ. ನಾಯಿ ಹೋದ್ರೂ ಅಷ್ಟೇ, ಮಗು ಮೈ ದಿನಾ ನೋಡಲೇಬೇಕು."

"ಹಾಗಾದ್ರೆ ಬೇಡ" ಎಂದು ಅತ್ತಿಗೆ ಒಳಗೆ ಹೋದಳು.

ಅವಳಿಗೆ ಮೈಯೆಲ್ಲ ಉರಿಯಿತು. "ಒಂದು ಸುಳ್ಳು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ತಾಯಿ ಕೇಳಿದ್ದು. ತಾಯಿಗೆ ಸುಳ್ಳು ಹೇಗೆ ಹೇಳ್ಲಿ?"

"ದೊಡ್ಡ ಸತ್ಯವಂತ." ದಡಿಯನ ಹಗ್ಗವನ್ನು ಅವನ ಕೈಗೆ ತುರುಕಿದಳು. "ಹಾಗಿದ್ರೆ ನೀವೇ ಸಾಕಿ."

ಸಿಟ್ಟಿನಲ್ಲಿ ಆಡಿದ ಮಾತು. ಅವನು ತಲೆಯಾಡಿಸಿ ದಡಿಯನನ್ನು ನಡೆಸಿಕೊಂಡು ಹೊರಟೇಹೋದ. ನಾಯಿ ತಿರುಗಿ ತಿರುಗಿ ನೋಡಿತು. ಆ ಮನುಷ್ಯ ಒಮ್ಮೆಯೂ ತಿರುಗಲಿಲ್ಲ. ಪುಟ್ಟಿ ಒಳಗೆ ಅಳುತ್ತಿದ್ದಳು. ಅಣ್ಣ ಗೆದ್ದವನಂತೆ ಪೇಪರ್ ಓದುತ್ತಿದ್ದ.

ಮೂರು ದಿನ ಅಂಗಡಿಯಲ್ಲಿ ಅವನನ್ನು ಮನಸಾರೆ ಬೈದಳು. ಬೈಯುತ್ತ ಬೈಯುತ್ತ ಒಂದು ಪರದೆಯನ್ನು ತಲೆಕೆಳಗಾಗಿ ಹೊಲಿದಳು. ತನ್ನ ಮುಖ ನೋಡಿಯೂ ಸುಳ್ಳು ಹೇಳದ ಗಂಡಸನ್ನು ತಾನು ಹಿಂದೆ ಕಂಡೇ ಇರಲಿಲ್ಲ ಎಂಬುದು ಆ ಹೊಲಿಗೆ ಬಿಚ್ಚುವಾಗ ಹೊಳೆಯಿತು. ನಾಲ್ಕನೇ ದಿನ ಸಂಜೆ ಅವನ ಮನೆಗೆ ಹೋದಳು.

ಒಂದೇ ಕೋಣೆ, ಒಪ್ಪವಾದ ಸಣ್ಣ ಅಂಗಳ. ದಡಿಯ ಹಾರಿ ಬಂದು ಅವಳ ಎದೆಗೆ ಕಾಲಿಟ್ಟ.

"ನಾಯಿ ನೋಡೋಕೆ ಬಂದೆ" ಎಂದಳು. "ಬೇರೆ ಏನೂ ಅಂದ್ಕೋಬೇಡಿ."

"ಅಂದ್ಕೊಂಡಿಲ್ಲ." ಅವನು ಅವಳಿಗೊಂದು ಮಣೆ ಸರಿಸಿದ. "ಕಾಯ್ತಾ ಇದ್ದೆ, ಅಷ್ಟೇ."

ಮರುದಿನವೂ ಹೋದಳು. ತಿಂಗಳು ಹೀಗೇ ಕಳೆಯಿತು. ಅವನು ಮಾತಾಡಲಿ ಎಂದು ಅವಳು ಕಾದಳು. ಅವನು ಎಡಗಿವಿ ನೋಡುತ್ತಿದ್ದ, ಬಲಗಿವಿ ನೋಡುತ್ತಿದ್ದ, ನಾಯಿಯದು. ಗೂಟಕ್ಕಾದರೂ ಬುದ್ಧಿ ಇದೆ, ಎಂದುಕೊಂಡು ಕೊನೆಗೆ ತಾನೇ ಬಾಯಿಬಿಟ್ಟಳು.

"ನಿಮ್ಮನ್ನ ಕಂಡ್ರೆ ನಂಗೆ ಒಂಚೂರೂ ಗೌರವ ಇರಲಿಲ್ಲ."

"ಗೊತ್ತು."

"ಈಗ್ಲೂ ನಿಮ್ಮ ಎಷ್ಟೋ ವಿಷಯ ನಂಗೆ ಹಿಡಿಸಲ್ಲ."

"ಅದೂ ಗೊತ್ತು."

"ಆದ್ರೂ ನೀವಿಲ್ದೆ ಆಗಲ್ಲ. ಏನು ಮಾಡೋದು ಹೇಳಿ."

ಅವನು ಕೈ ತೊಳೆಯುತ್ತಿದ್ದ. ನಲ್ಲಿ ನಿಲ್ಲಿಸಿದ. ನೊರೆಯ ಕೈಯಲ್ಲೇ ಬಂದು ಎದುರು ಕೂತು, ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಅವಳ ಕಿವಿ ಬಿಸಿಯಾಯಿತು.

"ಯಾವಾಗ?" ಎಂದ.

"ಏನು ಯಾವಾಗ?"

"ಮದುವೆ."

"ಗುರುವಾರ" ಎಂದಳು. "ಅಂಗಡಿಗೆ ರಜ."

ಅವನು ಮೊದಲ ಸಲ ಬಾಯ್ತುಂಬ ನಕ್ಕ. ಆ ನಗು ಅಂಥ ಚಂದವೇನೂ ಇರಲಿಲ್ಲ. ಇನ್ನೊಮ್ಮೆ ನಗಲಿ ಎಂದು ಅವಳು ಕಾದಳು.